ಸಂತಸವಲ್ಲ, ಸಂತಮಸ

ಸಂತಮಸ (ನಾಮಪದ): ಸುತ್ತಲೂ ಕವಿದ ಕತ್ತಲು. ಒಂದು ಗ್ರಹದ ಹೆಸರೂ ಹೌದು.

ವೈಟ್‌ಫೀಲ್ಡ್‌ನ ಮಕ್ಕಳಿಗೆ ಈ ಗ್ರಹದ ಹೆಸರು ಹೇಳಿದರೆ, ಹಲವರು ‘ಸಂತಸ’ ಎಂದೇ ಬರೆದುಕೊಳ್ಳುತ್ತಾರೆ. ಸಂತಸ ‘ಸಂತೋಷ’ದ ತದ್ಭವ, ಸಂತಮಸದ ಬೇರು ‘ತಮಸ್’, ಎಂದರೆ ಕತ್ತಲು. ಅಮರಕೋಶ ಕತ್ತಲನ್ನೂ ವಿಂಗಡಿಸಿದೆ: ಗಾಢವಾದದ್ದು ಅಂಧತಮಸ, ಕ್ಷೀಣಿಸಿದ್ದು ಅವತಮಸ, ಎಲ್ಲೆಡೆ ಹರಡಿದ್ದು ಸಂತಮಸ. ನಮ್ಮ ತಾಮಸ, ತಮೋಗುಣ ಇದೇ ಕುಲದವು. ದೂರದ ಲಿಥುವೇನಿಯನ್ ನುಡಿಯಲ್ಲೂ ಕತ್ತಲು ‘ತಮ್ಸಾ’.

2019ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಭಿಯಾನದಲ್ಲಿ ಭಾರತ ಒಂದು ನಕ್ಷತ್ರಕ್ಕೆ ‘ಬಿಭಾ’, ಅದರ ಗ್ರಹಕ್ಕೆ ‘ಸಂತಮಸ’ ಎಂದು ಹೆಸರಿಟ್ಟಿತು. ಬಿಭಾ ಭೌತವಿಜ್ಞಾನಿ ಬಿಭಾ ಚೌಧುರಿಯವರ ನೆನಪು. ಸಂಸ್ಕೃತದ ‘ವಿಭಾ’, ಅಂದರೆ ಬೆಳಕು, ಬಂಗಾಳಿ ನಾಲಿಗೆಯಲ್ಲಿ ಬಿಭಾ ಆಗಿದೆ. ನಮ್ಮಲ್ಲಿ ವರ್ಣ ಬಣ್ಣವಾದಂತೆ, ವಸತಿ ಬಸದಿಯಾದಂತೆ. ಸಂತಮಸ ಗುರುಗ್ರಹಕ್ಕಿಂತ ಸುಮಾರು ಒಂದೂವರೆ ಪಟ್ಟು ದ್ರವ್ಯರಾಶಿಯ ಅನಿಲದೈತ್ಯ. ನಕ್ಷತ್ರಕ್ಕೆ ತೀರ ಹತ್ತಿರವಿದ್ದು, ಎರಡು ದಿನ ಚಿಲ್ಲರೆಗೆ ಒಂದು ಸುತ್ತು ಮುಗಿಸುತ್ತದೆ, ಆದ್ದರಿಂದಲೇ ಸುಡುಬಿಸಿ. ಅದರ ವಾತಾವರಣವನ್ನು ಸೂಚಿಸಲು ಹೆಸರಿಟ್ಟವರು ‘ಮೋಡ ಮುಸುಕಿದ’ ಎಂಬ ಅರ್ಥವನ್ನು ಎತ್ತಿಕೊಂಡರು.

ವೈಟ್‌ಫೀಲ್ಡ್ ದಾಟಿದರೆ ಹೊಸಕೋಟೆ. ಅಲ್ಲಿರುವ ಭಾರತೀಯ ತಾರಾಭೌತ ಸಂಸ್ಥೆಯ ಕೇಂದ್ರದಲ್ಲಿ ಕುಳಿತೇ ಲಡಾಖಿನ ಹಾನ್ಲೆಯ 2 ಮೀಟರ್ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಸಂತಮಸ ಗ್ರಹದಂಥ ಹಲವು ‘ಬಿಸಿ ಗುರು’ಗಳನ್ನು ಅದು ಗಮನಿಸಿದೆ. ಹಾನ್ಲೆಗೆ ಸಂತಮಸವೇ ಸಂಪತ್ತು. ರಾತ್ರಿಯಿಡೀ ದೀಪ ಆರದ ನಮ್ಮ ಬಡಾವಣೆಗಳಲ್ಲಿ ಅದು ಅಪರೂಪ. ಪದವನ್ನಾದರೂ ಜೋಪಾನ ಮಾಡೋಣ.