ಪದಕದ ಅಂಚಿನಲ್ಲಿ ಅಜ್ಜನ ಹೆಸರು

ಅಜ್ಜಿಯ ಮನೆಯ ಫೋಟೊಗಳಲ್ಲಿದ್ದ ಮೂವರು ತರುಣರ ಮುಖಗಳನ್ನು ಪತ್ರಕರ್ತ ರಘು ಕಾರ್ನಾಡ್ ಚಿಕ್ಕಂದಿನಿಂದಲೂ ನೋಡಿದ್ದರು. ಅವರ ಕಥೆ ಮಾತ್ರ ಗೊತ್ತಿರಲಿಲ್ಲ. ಒಬ್ಬರು ಕೊಡವ ವೈದ್ಯ ಕೊಡಂದೇರ ಗಣಪತಿ. ರಘು ಅವರ ತಾಯಿ ಸರಸ್ವತಿ ಗಣಪತಿಯವರ ತಂದೆ, ಅಂದರೆ ಗಿರೀಶ್ ಕಾರ್ನಾಡರ ಮಾವ. ಇನ್ನಿಬ್ಬರು ಪಾರ್ಸಿಗಳು: ಅಜ್ಜಿಯ ತಮ್ಮ ಬಾಬಿ ಮುಗಸೇಠ್ ಸೈನ್ಯದ ಎಂಜಿನಿಯರ್, ಅಜ್ಜಿಯ ಸೋದರಿಯ ಗಂಡ ಮಾಣೆಕ್ ದಾದಾಭಾಯ್ ವಾಯುಪಡೆಯ ಪೈಲಟ್. ಮೂವರೂ ಎರಡನೇ ಮಹಾಯುದ್ಧ ಮುಗಿಯುವ ಮೊದಲೇ ತೀರಿಕೊಂಡಿದ್ದರು. ವಿಚಾರಿಸಬೇಕು ಅನ್ನಿಸುವ ಹೊತ್ತಿಗೆ ಹೇಳಬಲ್ಲವರಲ್ಲಿ ಹೆಚ್ಚಿನವರು ಉಳಿದಿರಲಿಲ್ಲ. ರೆಜಿಮೆಂಟುಗಳ ಕಾಗದಪತ್ರ ಜಾಲಾಡಿ, ವಾಯವ್ಯ ಗಡಿಯಿಂದ ಇಂಫಾಲದವರೆಗಿನ ಜಾಡು ಹಿಡಿದು ಅವರು ಬರೆದ 'ಫಾರ್ದೆಸ್ಟ್ ಫೀಲ್ಡ್' 2015ರಲ್ಲಿ ಹೊರಬಂತು.

ಆ ಹುಡುಕಾಟ ಸುಲಭದ್ದೇನೂ ಆಗಿರಲಿಲ್ಲ. ಆದರೂ ಒಂದು ಅನುಕೂಲವಿತ್ತು. ಮೂವರೂ ಅಧಿಕಾರಿ ದರ್ಜೆಯವರು, ಓದು ಬರಹ ಬಲ್ಲ ಮನೆಯವರು. ಸಾಮ್ರಾಜ್ಯದ ಕಡತಗಳಲ್ಲಿ ಹುದ್ದೆ ಇದ್ದವನಿಗೆ ಹೆಸರಿತ್ತು. ಸಿಪಾಯಿಯ ಮೊಮ್ಮಕ್ಕಳು ಹುಡುಕಲು ಹೊರಟರೆ ದಾರಿ ಬೇರೆಯೇ.

ಅಂಥ ಮನೆಗಳಲ್ಲಿ ಬಹಳ ಸಲ ಉಳಿದಿರುವುದು ಟ್ರಂಕಿನ ತಳದ ಒಂದು ಪದಕ. ಮೊದಲ ಮಹಾಯುದ್ಧದ್ದಾದರೆ ಒಂದು ಬದಿಗೆ ಐದನೇ ಜಾರ್ಜ್ ದೊರೆ, ಇನ್ನೊಂದು ಬದಿಗೆ ಕುದುರೆ ಸವಾರ. ಇವೆರಡೂ ಲಕ್ಷಾಂತರ ಪದಕಗಳ ಮೇಲಿರುವಂಥವೇ. ನೋಡಬೇಕಾದ್ದು ಅಂಚನ್ನು. ಭೂತಗನ್ನಡಿ ಹಿಡಿದು ಬೆಳಕಿಗೆ ಓರೆಯಾಗಿಸಿದರೆ ಅಲ್ಲಿ ಸಂಖ್ಯೆ, ದರ್ಜೆ, ಹೆಸರು, ತುಕಡಿ ಸಾಲಾಗಿ ಒತ್ತಿರುವುದು ಕಾಣುತ್ತದೆ. ತುಕಡಿಯ ಜಾಗದಲ್ಲಿ '2 ಕ್ಯೂ.ವಿ.ಓ. ಎಸ್ ಆಂಡ್ ಎಂ' (ಕ್ವೀನ್ ವಿಕ್ಟೋರಿಯಾಸ್ ಓನ್ ಸ್ಯಾಪರ್ಸ್ ಆಂಡ್ ಮೈನರ್ಸ್) ಎಂದಿದ್ದರೆ, ಮದ್ರಾಸಿನ ಹೆಸರೇ ಇಲ್ಲದಿದ್ದರೂ ಆತ ಮದ್ರಾಸ್ ಸ್ಯಾಪರ್ಸ್‌ನವನು. ಆ ದಳದ ಕೇಂದ್ರ ಇಂದಿಗೂ ಬೆಂಗಳೂರಿನ ಹಲಸೂರು ಕೆರೆಯ ಮಗ್ಗುಲಲ್ಲೇ ಇದೆ. ಹೆಸರನ್ನು ಮಾತ್ರ ನೆಚ್ಚಿಕೊಳ್ಳುವಂತಿಲ್ಲ. ಗುಮಾಸ್ತನ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದದ್ದು. ಒಂದೇ ಕಂಪನಿಯಲ್ಲಿ ಮುನಿಸ್ವಾಮಿಗಳು ನಾಲ್ಕಾರು ಮಂದಿ ಇದ್ದಿರಬಹುದು. ಒಬ್ಬನಿಂದ ಇನ್ನೊಬ್ಬನನ್ನು ಬೇರ್ಪಡಿಸುವುದು ಆ ಸಂಖ್ಯೆಯೇ. ಲೋಹದಲ್ಲೂ ಪಂಕ್ತಿಭೇದವಿತ್ತು: ಬಂದೂಕು ಹಿಡಿದವರಿಗೆ ಬೆಳ್ಳಿ, ಕೂಲಿ ದಳದವರಿಗೆ ಮತ್ತು ನೀರು ಹೊರುವ ಭಿಸ್ತಿಗಳಂಥ ಸೇವಕರಿಗೆ ಬಹುಮಟ್ಟಿಗೆ ಕಂಚು. ಬೆಳ್ಳಿಯದು ಕಷ್ಟಕಾಲದಲ್ಲಿ ಅಕ್ಕಸಾಲಿಗನ ಮೂಸೆ ಸೇರಿತೆಂದರೆ ಬೆಳ್ಳಿಯ ಜೊತೆಗೆ ದಾಖಲೆಯೂ ಕರಗಿದಂತೆ.

ಮೈಸೂರು ಸಂಸ್ಥಾನದ ಕುದುರೆ ಪಡೆಯ ಮನೆಗಳಿಗೆ ಇನ್ನೊಂದು ಆಸರೆ ಇದೆ. 1914ರಲ್ಲಿ ಹಡಗು ಹತ್ತಿದ ಮೈಸೂರು ಲ್ಯಾನ್ಸರ್ಸ್ ಮೊದಲು ಕಾದದ್ದು ಸೂಯೆಜ್ ಕಾಲುವೆಯನ್ನು. 1918ರ ಸೆಪ್ಟೆಂಬರ್ 23ರಂದು, ಈಗ ಇಸ್ರೇಲಿನಲ್ಲಿರುವ ಹೈಫಾದಲ್ಲಿ ಜೋಧಪುರದ ಸವಾರರು ಊರಿನ ಕಡೆ ನುಗ್ಗಿದರೆ, ಮೈಸೂರಿನವರ ತುಕಡಿಯೊಂದು ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳನ್ನು ಹಿಡಿಯಿತು. ಭರ್ಜಿ ಹಿಡಿದ ಸವಾರರು ಮಷಿನ್‌ಗನ್ನಿಗೆ ಎದುರಾಗಿ ಗೆದ್ದ ಅಪರೂಪದ ದಿನ ಅದು. ಅಂದು ಮಡಿದ ಜೋಧಪುರದ ಮೇಜರ್ ದಲಪತ್ ಸಿಂಗ್ ಅವರ ಹೆಸರು ಪುಸ್ತಕಗಳಲ್ಲೆಲ್ಲ ಇದೆ. ಸಾಮಾನ್ಯ ಸವಾರರು ದಿಲ್ಲಿಯ ತೀನ್ ಮೂರ್ತಿಯ ಕಂಚಿನ ಪ್ರತಿಮೆಯಲ್ಲಿ ಹೆಸರಿಲ್ಲದೆ ನಿಂತಿದ್ದಾರೆ; ಮೂರು ಸಂಸ್ಥಾನಗಳ ಮೂವರಲ್ಲಿ ಒಬ್ಬ ಮೈಸೂರಿನವನು. ಬೆಂಗಳೂರಿನ ಜೆ.ಸಿ. ನಗರದ ಕಲ್ಲಿನ ಸ್ಮಾರಕ ಈ ವಿಷಯದಲ್ಲಿ ಮೇಲು, ಅಲ್ಲಿ ಮಡಿದವರ ಹೆಸರುಗಳಿವೆ. ಆ ಪಡೆಯವರ ವಂಶಸ್ಥರು ಹೈಫಾ ದಿನದಂದು ಅಲ್ಲಿಗೆ ಬಂದು ಹೂವಿಡುತ್ತಾರೆ. ಪಡೆ ಮಾತ್ರ ಈಗಿಲ್ಲ. 1953ರಲ್ಲಿ ಬೇರೆ ಸಂಸ್ಥಾನಗಳ ಅಶ್ವದಳಗಳೊಂದಿಗೆ ಸೇರಿ 61ನೇ ಕ್ಯಾವಲ್ರಿ ಆಯಿತು.

ಇಂಥ ಕಲ್ಲು ಎಲ್ಲರಿಗೂ ಸಿಗಲಿಲ್ಲ. ಇರಾಕಿನ ಬಸ್ರಾ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರನ್ನು ಹೆಸರು ಹಿಡಿದು ಕೆತ್ತಿದ್ದಾರೆ. ಭಾರತೀಯರಲ್ಲಿ ಅಧಿಕಾರಿಗಳಿಗೆ ಹೆಸರು, ಉಳಿದವರಿಗೆ ರೆಜಿಮೆಂಟಿನ ಕೆಳಗೆ ಇಷ್ಟು ಮಂದಿ ಎಂಬ ಲೆಕ್ಕ. ದೇಶದ ಹಲವು ಹಳ್ಳಿಗಳಲ್ಲಿ ಬ್ರಿಟಿಷರು ನೆಡಿಸಿದ ಅಮೃತಶಿಲೆಯ ಫಲಕಗಳೂ ಇದೇ ಧಾಟಿಯವು: ಊರಿನಿಂದ ಯುದ್ಧಕ್ಕೆ ಹೋದವರು ಎಷ್ಟು, ಸತ್ತವರು ಎಷ್ಟು. ಯಾರು ಎಂದು ಕೇಳುವಂತಿಲ್ಲ! ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ 2021ರಲ್ಲಿ ಈ ತಾರತಮ್ಯವನ್ನು ಒಪ್ಪಿಕೊಂಡು ಕ್ಷಮೆ ಕೇಳಿತು. ಅದೇ ನೇಮಿಸಿದ ಸಮಿತಿಯ ಅಂದಾಜಿನಂತೆ, ಮೊದಲ ಮಹಾಯುದ್ಧದಲ್ಲಿ ಮಡಿದ, ಹೆಚ್ಚಾಗಿ ಪೂರ್ವ ಆಫ್ರಿಕಾ ಮತ್ತು ಈಜಿಪ್ಟಿನವರಾದ ಕನಿಷ್ಠ 1,16,000 ಮಂದಿಯನ್ನು ಹೆಸರಿಟ್ಟು ಸ್ಮರಿಸಿಯೇ ಇಲ್ಲ, ಅವರಲ್ಲಿ ಕೆಲವರಿಗೆ ಸ್ಮಾರಕವೇ ಇಲ್ಲ. ಈ ಸಂಖ್ಯೆ 3,50,000ದವರೆಗೂ ಇರಬಹುದಂತೆ.

ಮರೆವಿಗೆ ಬ್ರಿಟಿಷರಷ್ಟೇ ಕಾರಣವೆಂದರೆ ಅರ್ಧ ಸತ್ಯ. ಸ್ವಾತಂತ್ರ್ಯ ಬಂದ ಮೇಲೆ ಪರಕೀಯ ದೊರೆಗಾಗಿ ಹೋರಾಡಿದ ಅಜ್ಜನ ಕಥೆಯನ್ನು ಹೆಮ್ಮೆಯಿಂದ ಹೇಳುವುದು ಮನೆಯವರಿಗೂ ಮುಜುಗರದ ವಿಷಯವಾಯಿತು. ಜನರಲ್ ತಿಮ್ಮಯ್ಯ ಬರ್ಮಾ ರಂಗದಲ್ಲಿ ಬ್ರಿಟಿಷ್ ಭಾರತದ ಸೈನ್ಯದ ದಳವೊಂದನ್ನು ಮುನ್ನಡೆಸಿದರೆ, ಅವರ ಅಣ್ಣ ಪೊನ್ನಪ್ಪ ಸುಭಾಷರ ಆಜಾದ್ ಹಿಂದ್ ಫೌಜಿನಲ್ಲಿದ್ದರು. ಒಂದೇ ಮನೆಯ ಎರಡು ಕಥೆ. ಮಡಿಕೇರಿಯ ಅವರ ಮನೆ 'ಸನ್ನಿಸೈಡ್' 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಜನರಲ್ ಹುಟ್ಟಿದ ಮನೆಗೆ ಆ ಭಾಗ್ಯ. ನಾಯಕ್, ಹವಾಲ್ದಾರ್‌ಗಳ ಮನೆಗಳಲ್ಲಿ ಹಿರಿಯರು ಬಾಯಿಬಿಟ್ಟು ಹೇಳಿದ್ದಷ್ಟೇ ಗತಿ.

ಪಂಜಾಬಿನವರಿಗೆ ಇತ್ತೀಚೆಗೆ ಅದೃಷ್ಟ ಖುಲಾಯಿಸಿತು. ಮೊದಲ ಮಹಾಯುದ್ಧ ಮುಗಿದ ಬೆನ್ನಿಗೆ ಅಲ್ಲಿನ ಸರ್ಕಾರ ಹಳ್ಳಿ ಹಳ್ಳಿಯ ಸೈನಿಕರ ಪಟ್ಟಿ ಮಾಡಿಸಿತ್ತು. ಸುಮಾರು 3,20,000 ಮಂದಿಯ ಆ ದಾಖಲೆ ಲಾಹೋರ್ ಮ್ಯೂಸಿಯಂನಲ್ಲಿ ಹತ್ತಿರ ಹತ್ತಿರ ನೂರು ವರ್ಷ ಬಿದ್ದಿತ್ತು. ಬ್ರಿಟನ್ನಿನ ಪಂಜಾಬ್ ಹೆರಿಟೇಜ್ ಅಸೋಸಿಯೇಷನ್ ಮತ್ತು ಗ್ರೀನಿಚ್ ವಿಶ್ವವಿದ್ಯಾಲಯ 2021ರ ನವೆಂಬರ್‌ನಲ್ಲಿ ಜಲಂಧರ್, ಲುಧಿಯಾನ, ಸಿಯಾಲ್‌ಕೋಟ್ ಜಿಲ್ಲೆಗಳ ಪುಟಗಳನ್ನು ಮೊದಲಿಗೆ ತೆರೆದಿಟ್ಟವು. ಇಲ್ಲಿ ಪದಕದ ಅಂಚಿನ ಸಂಖ್ಯೆ ಗೊತ್ತಿಲ್ಲದಿದ್ದರೂ ನಡೆಯುತ್ತದೆ, ಊರಿನ ಹೆಸರು ಹಿಡಿದು ಹುಡುಕಬಹುದು. ಹಾಗೆ ಹುಡುಕಿದವರಲ್ಲಿ ಬ್ರಿಟಿಷ್ ಸಂಸದ ತನ್‌ಮನ್‌ಜೀತ್ ಸಿಂಗ್ ಧೇಸಿ ಒಬ್ಬರು. ಅವರ ಮುತ್ತಜ್ಜ ಇರಾಕಿನ ಕಾಳಗದಲ್ಲಿ ಗಾಯಗೊಂಡು ಕಾಲು ಕಳೆದುಕೊಂಡವರೆಂಬುದು ಆ ಪುಟಗಳಲ್ಲಿ ದಾಖಲಾಗಿತ್ತು.