ಲೆಕ್ಕ ತಪ್ಪಿಸಿಕೊಂಡ ಆಳುಗಳು

ಕೆಂಗೇರಿ ಸುತ್ತಿನ ಹೊಲಗಳು ಬಹುಪಾಲು ಬಡಾವಣೆಗಳಾಗಿವೆ. ಅಲ್ಲಿ ರಾಗಿಯ ಕಳೆ ಕಿತ್ತವರು ಯಾರೆಂದು ಕೇಳಿದರೆ ಜನಗಣತಿಯ ಉತ್ತರ ವಿಚಿತ್ರವಾದುದು.

1961ರಲ್ಲಿ, ಹಂಗಾಮಿನ ಬಹುಭಾಗ ದಿನಕ್ಕೊಂದು ಗಂಟೆಗಿಂತ ಹೆಚ್ಚು ದುಡಿದವರೂ ಕೆಲಸಗಾರರೇ. ದೇಶದಲ್ಲಿ ಎಲ್ಲ ಕಸುಬುಗಳೂ ಸೇರಿ ದುಡಿಯುವ ಹೆಂಗಸರು ಸುಮಾರು 5.9 ಕೋಟಿ. 1971ರಲ್ಲಿ ‘ಮುಖ್ಯ ಕಸುಬೇನು?’ ಎಂಬ ಪ್ರಶ್ನೆ ಬಂದಿತು. ಗದ್ದೆಯಿಂದ ಬಂದು ಒಲೆ ಹಚ್ಚುವವಳು ‘ಮನೆವಾರ್ತೆ’ ಎಂದಳು. ಇಲ್ಲವೇ ಯಜಮಾನನೇ ಅವಳ ಪರವಾಗಿ ಹಾಗೆಂದ. ಸಂಖ್ಯೆ 3.1 ಕೋಟಿಗೆ ಇಳಿಯಿತು. ಹತ್ತು ವರ್ಷದಲ್ಲಿ ಅರ್ಧದಷ್ಟು ಹೆಂಗಸರು ಕುಡುಗೋಲು ಕೆಳಗಿಟ್ಟರೆಂದರೆ ಯಾರು ನಂಬಿಯಾರು?

ಇದು ಬರಿಯ ಅಂಕಿಯ ಮಾತಲ್ಲ. 1974ರಲ್ಲಿ ನಮ್ಮ ರಾಜ್ಯದ ಭೂಸುಧಾರಣೆ ಗೇಣಿದಾರರಿಗೆ ಒಡೆತನ ಕೊಡಹೊರಟಾಗ ಎಲ್ಲರ ಬಾಯಲ್ಲಿದ್ದುದು ‘ಉಳುವವನೇ ಹೊಲದೊಡೆಯ’. ಕನ್ನಡದ ಮೇಷ್ಟರಿಗೆ ಇಲ್ಲಿ ಮೊದಲು ಕಾಣುವುದು ಪುಲ್ಲಿಂಗ! ನೇಗಿಲು ಹಿಡಿಯುವುದು ಗಂಡಸಿನ ಕೆಲಸ. ನಾಟಿ, ಕಳೆ, ಕುಯಿಲು ಬಹುಮಟ್ಟಿಗೆ ಹೆಂಗಸರದು. ಪಹಣಿಯಲ್ಲೂ ಸಾಮಾನ್ಯವಾಗಿ ಏರಿದ್ದು ಗಂಡಸಿನ ಹೆಸರೇ. ನೆಲವಿಲ್ಲದೆ ಕೂಲಿಗೆ ಹೋಗುತ್ತಿದ್ದವಳಿಗಂತೂ ಆ ಮಾತಿನಲ್ಲಿ ಎಡೆಯೇ ಇರಲಿಲ್ಲ.

1981ರಲ್ಲಿ ಗಣತಿಯವರು ‘ಅಲ್ಪಾವಧಿ ಕೆಲಸಗಾರರು’ ಎಂಬ ಹೊಸ ಅಂಕಣ ತೆರೆದರು. ಅದರಲ್ಲಿ ತುಂಬಿಕೊಂಡವರು ಹೆಚ್ಚಾಗಿ ಹೆಂಗಸರೇ.