ಮೋಹನಬಾಗಾನ್ ಸಂಘದ ಉತ್ಪತ್ತಿ ಮತ್ತು ಅಭ್ಯುದಯ

ಚರಿತ್ರೆಯೆಂದರೆ ಅರಸರ ವಂಶಾವಳಿಯೂ ಯುದ್ಧಸಂಧಿಗಳ ಪಟ್ಟಿಯೂ ಮಾತ್ರವೆಂಬ ಭಾವನೆಯು ನಮ್ಮ ವಿದ್ಯಾವಂತರಲ್ಲಿಯೂ ಬಹುಕಾಲದಿಂದ ಬೇರೂರಿರುವುದು. ಜನರು ತಾವಾಗಿಯೇ ಕಟ್ಟಿಕೊಂಡ ಭಜನಮಂಡಲಿ, ಗರಡಿ, ನಾಟಕಸಮಾಜ, ಆಟದ ಕೂಟ ಮುಂತಾದವುಗಳ ವೃತ್ತಾಂತವನ್ನು ಬರೆದಿಡುವವರು ವಿರಳ. ಆದರೆ ಒಂದು ಜನಾಂಗವು ಸ್ವಪ್ರಯತ್ನದಿಂದ ಒಟ್ಟುಗೂಡುವುದನ್ನು ಎಲ್ಲಿ ಕಲಿಯಿತೆಂಬುದನ್ನು ತಿಳಿಯಬೇಕಾದರೆ ಇಂತಹ ಚಿಕ್ಕ ಸಂಘಗಳ ಕಡೆಗೇ ನೋಡಬೇಕು. ಕಲ್ಕತ್ತೆಯ ಮೋಹನಬಾಗಾನ್ ಎಂಬ ಕಾಲ್ಚೆಂಡಿನ ಸಂಘವು ಈ ಮಾತಿಗೆ ಉತ್ತಮವಾದ ನಿದರ್ಶನವಾಗಿದೆ.

ಕಾಲ್ಚೆಂಡಾಟವು ವಂಗದೇಶಕ್ಕೆ ಆಂಗ್ಲೇಯ ಸೈನಿಕರೊಡನೆಯೂ ನಾವಿಕರೊಡನೆಯೂ ಬಂದಿತು. ಅದನ್ನು ಸ್ವದೇಶೀಯರಲ್ಲಿ ಬಿತ್ತಿದ ಕೀರ್ತಿಯು ನಗೇಂದ್ರಪ್ರಸಾದ ಸರ್ವಾಧಿಕಾರಿ ಎಂಬವರಿಗೆ ಸಲ್ಲುತ್ತದೆ. 1877ರಲ್ಲಿ, ಇನ್ನೂ ಬಾಲಕರಾಗಿದ್ದ ಅವರು ತಾಯಿಯೊಡನೆ ಗಂಗಾಸ್ನಾನಕ್ಕೆ ಹೋಗುತ್ತಿರುವಾಗ, ಮೈದಾನದಲ್ಲಿ ಸೋಲ್ಜರುಗಳು ಆಡುತ್ತಿದ್ದ ಚೆಂಡು ಉರುಳಿ ಹೊರಗೆ ಬಂದಿತೆಂದೂ, ಅದನ್ನು ಅವರು ಒದ್ದು ಹಿಂದಕ್ಕೆ ಕಳುಹಿದರೆಂದೂ ಹೇಳುವರು. ಅನಂತರ ಹೇರ್ ಶಾಲೆಯ ಸಹಪಾಠಿಗಳು ಕಾಸು ಕೂಡಿಸಿ ಕೊಂಡು ತಂದ ಚೆಂಡು ರಗ್ಬಿ ಆಟದ್ದಾಗಿತ್ತಂತೆ! ಪ್ರೆಸಿಡೆನ್ಸಿ ಕಾಲೇಜಿನ ಪ್ರೊಫೆಸರ್ ಸ್ಟಾಕ್ ಎಂಬವರು ಈ ಹುಡುಗರ ಉತ್ಸಾಹವನ್ನು ಕಂಡು ತಕ್ಕ ಚೆಂಡನ್ನು ಕೊಡಿಸಿ ನಿಯಮಗಳನ್ನು ಕಲಿಸಿದರು.

ಸರ್ವಾಧಿಕಾರಿಯವರ ವಿಷಯದಲ್ಲಿ ಇದಕ್ಕಿಂತಲೂ ಸ್ಮರಣೀಯವಾದ ಸಂಗತಿಯೊಂದುಂಟು. ಅವರು ಸ್ಥಾಪಿಸಿದ ವೆಲ್ಲಿಂಗ್ಟನ್ ಕ್ಲಬ್ಬಿನಲ್ಲಿ ಮಣಿದಾಸನೆಂಬ ಕುಂಬಾರನ ಮಗನನ್ನು ಸೇರಿಸಿಕೊಳ್ಳಲು ಕುಲೀನರಾದ ಸದಸ್ಯರು ಒಪ್ಪಲಿಲ್ಲ. ಒಬ್ಬನನ್ನು ಬಿಟ್ಟು ಸಂಘವನ್ನು ಉಳಿಸಿಕೊಳ್ಳುವುದು ಸುಲಭವಾಗಿತ್ತು. ಸರ್ವಾಧಿಕಾರಿಯವರಾದರೋ ಸಂಘವನ್ನೇ ವಿಸರ್ಜಿಸಿ, ಕುಲವಿಚಾರವಿಲ್ಲದ ಶೋಭಾಬಜಾರ್ ಕ್ಲಬ್ಬನ್ನು ಕಟ್ಟಿದರು. ಆ ಕ್ಲಬ್ಬೇ 1892ರಲ್ಲಿ ಟ್ರೇಡ್ಸ್ ಕಪ್ಪಿನ ಪಂದ್ಯದಲ್ಲಿ ಈಸ್ಟ್ ಸರ್ರೆ ರೆಜಿಮೆಂಟನ್ನು ಸೋಲಿಸಿ, ಗೋರರ ದಂಡು ಅಜೇಯವೆಂಬ ನಂಬಿಕೆಯನ್ನು ಮೊದಲು ಅಲುಗಿಸಿತು. ಮಣಿದಾಸನು ಮುಂದೆ ಮೋಹನಬಾಗಾನ್ ಸಂಘದಲ್ಲಿಯೂ ಆಡಿ ಹೆಸರು ಪಡೆದನು.

ಮೋಹನಬಾಗಾನ್ ಹುಟ್ಟಿದ್ದು 1889ನೆಯ ಇಸವಿ ಆಗಸ್ಟ್ 15ರಂದು. ಉತ್ತರ ಕಲ್ಕತ್ತೆಯ ಕೆಲವು ಶ್ರೀಮಂತ ಮನೆತನಗಳವರು ಸೇರಿ ಅಂದು ಇದನ್ನು ಸ್ಥಾಪಿಸಿದರು. ಭೂಪೇಂದ್ರನಾಥ ಬಸು ಎಂಬ ಪ್ರಸಿದ್ಧ ನ್ಯಾಯವಾದಿಗಳು ಮೊದಲ ಅಧ್ಯಕ್ಷರು. ಇವರೇ 1914ರಲ್ಲಿ ಮದರಾಸಿನ ಕಾಂಗ್ರೆಸ್ ಮಹಾಸಭೆಗೆ ಅಧ್ಯಕ್ಷರಾದವರು. ಮಿತ್ರ ಮನೆತನಕ್ಕೆ ಸೇರಿದ ಮೋಹನಬಾಗಾನ್ ಎಂಬ ತೋಟದಮನೆಯ ಅಂಗಳದಲ್ಲಿ ಆಟವು ನಡೆಯುತ್ತಿದ್ದುದರಿಂದ ಸಂಘಕ್ಕೂ ಅದೇ ಹೆಸರು ಬಂದಿತು. ‘ಬಾಗಾನ್’ ಎಂದರೆ ವಂಗಭಾಷೆಯಲ್ಲಿ ತೋಟ. ಆದಿಯಲ್ಲಿ ‘ಸ್ಪೋರ್ಟಿಂಗ್ ಕ್ಲಬ್’ ಎಂದಿದ್ದುದು, ಇಲ್ಲಿ ಬೇಟೆಯೂ ಇಲ್ಲ, ಮೀನುಗಾರಿಕೆಯೂ ಇಲ್ಲ, ಹೀಗಿರಲು ಆ ಹೆಸರು ಏತಕ್ಕೆಂದು ಪ್ರೊಫೆಸರ್ ರೋ ಎಂಬವರು ಆಕ್ಷೇಪಿಸಲು, ‘ಅಥ್ಲೆಟಿಕ್ ಕ್ಲಬ್’ ಎಂದು ಮಾರ್ಪಟ್ಟಿತು.

ಮೊದಲ ಹತ್ತು ಹದಿನೈದು ವರ್ಷಗಳಲ್ಲಿ ಹೇಳತಕ್ಕ ಜಯಗಳೊಂದೂ ಇಲ್ಲ. ಆದರೆ ಸಂಘವು ಬಲಿತದ್ದು ಆ ನಿಶ್ಶಬ್ದವಾದ ಕಾಲದಲ್ಲಿಯೇ. ಸೈನ್ಯದಲ್ಲಿ ಸುಬೇದಾರ್ ಮೇಜರ್ ಆಗಿದ್ದ ಶೈಲೇನ್ ಬಸು ಎಂಬವರು 1900ರಲ್ಲಿ ಕಾರ್ಯದರ್ಶಿಗಳಾಗಿ, ದಂಡಿನ ಶಿಸ್ತನ್ನೂ ಅಂಗಸಾಧನೆಯನ್ನೂ ಆಟಗಾರರಲ್ಲಿ ಅಭ್ಯಾಸಕ್ಕೆ ತಂದರು. ಫಲವು ಕ್ರಮವಾಗಿ ಕಾಣಿಸಿತು. 1905ರಲ್ಲಿ ಚಿನ್ಸುರಾ ಪಟ್ಟಣದಲ್ಲಿ ಗ್ಲಾಡ್‌ಸ್ಟನ್ ಕಪ್ಪು ದೊರೆಯಿತು. 1906, 1907, 1908 ಈ ಮೂರು ವರ್ಷಗಳೂ ಟ್ರೇಡ್ಸ್ ಕಪ್ಪು ಇವರ ಪಾಲಾಯಿತು.

ಹೀಗಿರಲು 1911ನೆಯ ಇಸವಿ ಬಂದಿತು. ಐ. ಎಫ್. ಎ. ಷೀಲ್ಡು ಎಂಬ ಪಂದ್ಯಾವಳಿಯು 1893ರಿಂದ ನಡೆಯುತ್ತಿದ್ದು, ಅದುವರೆಗೂ ಗೋರರ ತಂಡಗಳ ಸ್ವತ್ತೇ ಆಗಿದ್ದಿತು. ಆ ವರ್ಷ ಮೋಹನಬಾಗಾನ್ ತಂಡವು ಸೇಂಟ್ ಝೇವಿಯರ್ ಕಾಲೇಜು, ರೇಂಜರ್ಸ್ ಕ್ಲಬ್ಬು, ರೈಫಲ್ ಬ್ರಿಗೇಡ್, ಮಿಡಲ್‌ಸೆಕ್ಸ್ ರೆಜಿಮೆಂಟು ಇವುಗಳನ್ನು ಒಂದಾದ ಮೇಲೊಂದರಂತೆ ಸೋಲಿಸಿ, ಜುಲೈ 29ರಂದು ಅಂತಿಮ ಪಂದ್ಯದಲ್ಲಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ಇದಿರಿಸಿತು. ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ಬರಿಗಾಲಿನವರು. ಸುಧೀರ್ ಚಟರ್ಜಿ ಎಂಬ ಕ್ರೈಸ್ತಮತೀಯ ಉಪಾಧ್ಯಾಯರೊಬ್ಬರು ಮಾತ್ರ ಬೂಟು ಮೆಟ್ಟಿದ್ದರು. ಜನಸಂದಣಿಯು ಎಂಬತ್ತು ಸಾವಿರಕ್ಕೆ ಕಡಮೆಯಿರಲಿಲ್ಲವೆಂದು ಹೇಳುವರು. ವಿಶೇಷ ರೈಲುಗಳಲ್ಲಿಯೂ ದೋಣಿಗಳಲ್ಲಿಯೂ ಬಂದವರಲ್ಲಿ ಬಹುಮಂದಿಗೆ ಆಟವು ಕಣ್ಣಿಗೆ ಬೀಳುವಂತಿರಲಿಲ್ಲ. ಗೋಲಿನ ವರ್ತಮಾನವನ್ನು ಅವರಿಗೆ ಗಾಳಿಪಟ ಹಾರಿಸಿ ತಿಳಿಸಿದರು. ಉತ್ತರಾರ್ಧದಲ್ಲಿ ಮೊದಲು ದಂಡಿನ ಜ್ಯಾಕ್ಸನ್ ಗೋಲು ಹೊಡೆದನು. ತಂಡದ ನಾಯಕರಾದ ಶಿಬದಾಸ ಭಾದುರಿಯವರು ಸರಿಗಟ್ಟಿಸಿದರು. ಆಟವು ಮುಗಿಯುವುದಕ್ಕೆ ಕೆಲವೇ ನಿಮಿಷಗಳಿರುವಾಗ ಅಭಿಲಾಷ ಘೋಷರು ಎರಡನೆಯ ಗೋಲನ್ನು ಗಳಿಸಲು, ಷೀಲ್ಡು ಮೊಟ್ಟಮೊದಲಬಾರಿಗೆ ಭಾರತೀಯರ ಕೈಸೇರಿತು.

ಈ ವಿಜಯದ ಸುತ್ತಲೂ ಬಹಳ ಅತಿಶಯೋಕ್ತಿಗಳು ಬೆಳೆದಿವೆ. ಅದೇ ವರ್ಷದ ಡಿಸೆಂಬರಿನಲ್ಲಿ ವಂಗವಿಭಜನೆಯು ರದ್ದಾಗಿ, ರಾಜಧಾನಿಯು ಕಲ್ಕತ್ತೆಯಿಂದ ದೆಹಲಿಗೆ ಹೋದುದಕ್ಕೆ ಈ ಆಟವೇ ಕಾರಣವೆಂಬಂತೆ ಹೇಳುವವರೂ ಉಂಟು. ಇದು ಕಾಕತಾಲೀಯ ನ್ಯಾಯವಲ್ಲದೆ ಬೇರೆಯಲ್ಲ. ವಿಭಜನೆಯನ್ನು ಅಲುಗಿಸಿದ್ದು 1905ರಿಂದ ನಡೆದ ಸ್ವದೇಶೀ ಚಳವಳಿ. ಆ ಚಳವಳಿಯಿಂದ ನೊಂದು ಬಳಲಿದ್ದ ಜನರಿಗೆ, ಇದಿರಾಳಿಯು ಎತ್ತರದವನಾದರೂ ಗೆಲ್ಲಬಹುದೆಂಬ ಪ್ರತ್ಯಕ್ಷ ಪ್ರಮಾಣವನ್ನು ಆ ಸಂಜೆಯು ಒದಗಿಸಿತು. ಅಷ್ಟೇ ಸಾಕಾದಷ್ಟು ದೊಡ್ಡದು.

ಬರಿಗಾಲಿನ ವಿಷಯದಲ್ಲಿಯೂ ಇಂತಹದೇ ಮೋಹವುಂಟು. ಬರಿಗಾಲು ಆ ಕಾಲದ ರೂಢಿ. ಬೂಟಿನ ಬೆಲೆಯೂ ಬಹುಮಂದಿಗೆ ನಿಲುಕುತ್ತಿರಲಿಲ್ಲ. 1948ರ ಲಂಡನ್ ಒಲಿಂಪಿಕ್ ಕೂಟದಲ್ಲಿ ನಮ್ಮವರು ಹೆಚ್ಚಾಗಿ ಬರಿಗಾಲಿನಲ್ಲಿಯೇ ಆಡಿ ಫ್ರಾನ್ಸಿಗೆ 2-1ರಿಂದ ಸೋತರು. ನಮ್ಮ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಆದರೆ 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೋಸ್ಲಾವಿಯವು 10-1ರಿಂದ ಸೋಲಿಸಿದಮೇಲೆ ಕಣ್ಣು ತೆರೆಯಿತು, ಬೂಟು ಕಡ್ಡಾಯವಾಯಿತು. ಅಂದಿನ ನಾಯಕರು ಮೋಹನಬಾಗಾನಿನ ಶೈಲೇನ್ ಮನ್ನಾ. ಏಕೈಕ ಗೋಲನ್ನು ಗಳಿಸಿದವರು ಬೆಂಗಳೂರಿನ ಅಹಮದ್ ಖಾನ್. ಅಭಿಮಾನಕ್ಕೆ ಯೋಗ್ಯವಾದುದು ಆಟಗಾರರ ಧೈರ್ಯ. ಬಡತನವನ್ನೇ ಮಹಿಮೆಯೆಂದು ಹೊಗಳುತ್ತ ಕುಳಿತರೆ ಮುಂದಿನ ಪೀಳಿಗೆಯ ಕಾಲುಗಳು ನೋಯುವುವು.

ಮೋಹನಬಾಗಾನಿನ ಏಳಿಗೆಯು ಇತರರಿಗೂ ದಾರಿಯಾಯಿತು, ಸ್ಪರ್ಧೆಯೂ ಆಯಿತು. 1920ರಲ್ಲಿ ಈಸ್ಟ್ ಬೆಂಗಾಲ್ ಕ್ಲಬ್ಬು ಹುಟ್ಟಿತು. ಮಹಮ್ಮಡನ್ ಸ್ಪೋರ್ಟಿಂಗ್ ಸಂಘವು 1934ರಿಂದ 1938ರವರೆಗೆ ಸತತವಾಗಿ ಐದು ವರ್ಷ ಕಲ್ಕತ್ತಾ ಲೀಗನ್ನು ಗೆದ್ದಿತು. ಮೋಹನಬಾಗಾನಿಗೆ ಅದು ದೊರೆತದ್ದು 1939ರಲ್ಲಿ. ನಮ್ಮ ನಾಡಿನ ಸಂಬಂಧವೂ ಇಲ್ಲಿ ಬರುತ್ತದೆ. ಬೊಂಬಾಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಸಂಘವು ಮಹಮ್ಮಡನ್ ಸ್ಪೋರ್ಟಿಂಗನ್ನು ಮಣಿಸಿ ಗೆದ್ದಿತು; ಸೈನ್ಯಕ್ಕೆ ಸೇರದ ಭಾರತೀಯ ತಂಡವೊಂದಕ್ಕೆ ಆ ಕಪ್ಪು ದೊರೆತದ್ದು ಅದೇ ಮೊದಲು. 1948ರಲ್ಲಿ ಅದೇ ಬೆಂಗಳೂರಿನವರು ಮೋಹನಬಾಗಾನನ್ನೇ ಸೋಲಿಸಿ ಆ ಕಪ್ಪನ್ನು ತಂದರು. ಮೇಲೆ ಹೇಳಿದ ಅಹಮದ್ ಖಾನರು ಮುಂದೆ ಈಸ್ಟ್ ಬೆಂಗಾಲಿನಲ್ಲಿ ‘ಪಂಚಪಾಂಡವ’ರೆಂದು ಖ್ಯಾತಿವೆತ್ತ ಐವರಲ್ಲಿ ಒಬ್ಬರಾದರು.

ಒಂದು ಮನೆಯಂಗಳದ ಸಂಘವು ನೂರ ಮೂವತ್ತು ವರ್ಷಗಳಿಗೂ ಮೀರಿ ಬಾಳಿರುವುದು ಹೇಗೆ? 2020ರಲ್ಲಿ ಅದರ ಕಾಲ್ಚೆಂಡಿನ ತಂಡವು ಬಂಡವಾಳಗಾರರ ತಂಡವೊಂದರೊಡನೆ ಕೂಡಿದಾಗ, ಹೆಸರಿನ ಮುಂದೆ ಬೇರೊಂದು ಹೆಸರು ಸೇರಿದ್ದನ್ನು ಅಭಿಮಾನಿಗಳು ಸಹಿಸಲಿಲ್ಲ. 2023ರಲ್ಲಿ ಆ ಪೂರ್ವಪದವನ್ನು ತೆಗೆಯಬೇಕಾಯಿತು. ಸಂಘವು ತಮ್ಮದೆಂಬ ಮಮತೆಯು ಜನರಲ್ಲಿ ಉಳಿದಿರುವುದೇ ಇದಕ್ಕೆ ಕಾರಣ. ಆ ಮಮತೆಯನ್ನು ಸಂಪಾದಿಸಿಕೊಟ್ಟುದು 1911ರ ಒಂದು ಸಂಜೆಯೊಂದೇ ಅಲ್ಲ. ಅದರ ಹಿಂದಿನ ಇಪ್ಪತ್ತೆರಡು ವರ್ಷಗಳ ದುಡಿಮೆಯೂ, ಕುಂಬಾರನ ಮಗನಿಗೆ ಆಟದ ಬಯಲಿನಲ್ಲಿ ಸಿಕ್ಕ ಸಮಸ್ಥಾನವೂ ಅದರೊಳಗೆ ಸೇರಿವೆ. ನಮ್ಮ ಜಿಲ್ಲೆಯ ಊರುಗಳಲ್ಲಿ ಇಂದು ಸಂಘಗಳನ್ನು ಕಟ್ಟುತ್ತಿರುವ ತರುಣರು ಕಪ್ಪುಗಳ ಲೆಕ್ಕಕ್ಕಿಂತ ಮೊದಲು ಸದಸ್ಯರ ಪಟ್ಟಿಯನ್ನು ನೋಡಿಕೊಳ್ಳಲಿ. ಅದರಲ್ಲಿ ಎಲ್ಲ ಕೇರಿಗಳ ಮಕ್ಕಳ ಹೆಸರೂ ಇರಲೆಂದು ಹಾರೈಸುತ್ತೇನೆ.